ಮೂರು ಸಲ ಕೇಳಬೇಕಂತ

ಏಳು ವರ್ಷ ಬೇರೆಯವರ ತಾಯಿಯನ್ನು ಎತ್ತಿ ಕೂಡಿಸಿ, ಉಣಿಸಿ, ತೊಳೆದು, ಕೊನೆಗೆ ಅವಳ ಕಣ್ಣು ಮುಚ್ಚಿ ಮೊಗುಲಮ್ಮ ಕರ್ನಾಟಕದ ಗಡಿಯ ತನ್ನೂರು ಮಕ್ತಲಿಗೆ ವಾಪಸು ಬಂದಳು. ಇಸ್ರೇಲ್ ದೇಶದ ಹೈಫಾ ಎಂಬ ಊರಿನಲ್ಲಿ ತೋವಾ ಎಂಬ ಯಹೂದಿ ಮುದುಕಿಯನ್ನು ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತು. ಹೋಗುವಾಗ ಅವಳ ಊರು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಯಲ್ಲಿತ್ತು. ಬರುವಷ್ಟರಲ್ಲಿ ರಾಜ್ಯ ತೆಲಂಗಾಣವಾಗಿತ್ತು, ಜಿಲ್ಲೆ ನಾರಾಯಣಪೇಟೆಯಾಗಿತ್ತು, ಗಂಡ ತಾಯಪ್ಪನ ತಲೆ ಅರ್ಧ ಬೆಳ್ಳಗಾಗಿತ್ತು, ಮಗಳು ರಜಿತಾ ತಾಯಿಗಿಂತ ಎತ್ತರ ಬೆಳೆದಿದ್ದಳು. ಅತ್ತೆ ಮೈಸಮ್ಮನ ಬಾಯಿ ಮಾತ್ರ ಹಾಗೇ ಇತ್ತು. ಇಷ್ಟು ವರ್ಷ ಇದ್ದು ಬಂದರೂ ಆ ದೇಶದ ಗಾಳಿಗೆ ಒಂಚೂರು ಬೆಳ್ಳಗಾಗಲಿಲ್ಲವಲ್ಲ ಎಂದು ಸೊಸೆಯನ್ನು ಒಳಗೆ ಕರೆದುಕೊಂಡಳು.

ಎಲ್ಲರೂ ನಕ್ಕರು. ಮೊಗುಲಮ್ಮನೂ ನಕ್ಕಳು. ಅವಳು ಅಳುತ್ತಾಳೆ ಎಂದು ಮನೆಯವರು ಕಾಯುತ್ತಿದ್ದರು, ಅವಳೂ ಕಾಯುತ್ತಿದ್ದಳು. ಅಳು ಬರಲಿಲ್ಲ. ಮಗಳನ್ನು ತಬ್ಬಿಕೊಂಡಾಗ ಹುಡುಗಿಯ ಬೆನ್ನು ನೆಟ್ಟಗಿದೆ, ತೂಕ ಸ್ವಲ್ಪ ಕಡಿಮೆ ಎಂದಷ್ಟೇ ಕೈಗೆ ಗೊತ್ತಾಯಿತು. ರೋಗಿಯನ್ನು ಹಿಡಿದು ಹಿಡಿದು ಅವಳ ಕೈ ಹಾಗಾಗಿತ್ತು.

ಆ ಮನೆಯನ್ನು ಇಷ್ಟು ವರ್ಷ ನಡೆಸಿದವಳು ಹುಸೇನಮ್ಮ. ತಾಯಪ್ಪನ ಅಣ್ಣ ಚಂದ್ರಯ್ಯನ ಹೆಂಡತಿ. ಮೊಹರಮ್ಮಿನ ಪೀರಲ ಹಬ್ಬದ ದಿನ ಹುಟ್ಟಿದ್ದರಿಂದ ಬೀರಪ್ಪನ ಒಕ್ಕಲಿನ ಕುರುಬರ ಹೆಣ್ಣಿಗೆ ಆ ಹೆಸರು ಬಂದಿತ್ತು. ಚಂದ್ರಯ್ಯ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೊಗುಲಮ್ಮ ವಿಮಾನ ಹತ್ತುವಾಗ ಮಗಳನ್ನು ಇವಳ ಮಡಿಲಿಗೆ ಹಾಕಿ ಹೋಗಿದ್ದಳು. ನಡುವೆ ಒಮ್ಮೆ ಮಾತ್ರ ರಜೆಗೆ ಬಂದಿದ್ದಳು. ರಜಿತಾ ಹುಸೇನಮ್ಮನನ್ನು ದೊಡ್ಡವ್ವ ಎನ್ನುತ್ತಿದ್ದಳು. ಹೆತ್ತವಳನ್ನು ಏನೂ ಅನ್ನುತ್ತಿರಲಿಲ್ಲ. ಮಾತಾಡಲೇಬೇಕಾದಾಗ ಹತ್ತಿರ ಬಂದು ನಿಂತು, ಬೀಗರ ಮನೆಯವರನ್ನು ಮಾತಾಡಿಸಿದಂತೆ, "ಇಲ್ನೋಡ್ರಿ" ಎನ್ನುತ್ತಿದ್ದಳು.

ಮೊಗುಲಮ್ಮನಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಎರಡನೆಯ ದಿನದಿಂದಲೇ ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸಿದಳು, ಅತ್ತೆಯ ಬಿಪಿ ಗುಳಿಗೆ ಬಿಡಿಸಿ ಕೊಟ್ಟಳು, ಕಾಲು ಒತ್ತಿದಳು. ಇಷ್ಟು ಚೆನ್ನಾಗಿ ಯಾರೂ ಒತ್ತಿಲ್ಲ ಎಂದು ಮೈಸಮ್ಮ ಹೇಳಿದ್ದನ್ನು ಹುಸೇನಮ್ಮ ಒಲೆಯ ಮುಂದೆ ಕೂತು ಕೇಳಿಸಿಕೊಂಡಳು. ಮಗಳಿಗೆಂದು ಮೊಗುಲಮ್ಮ ಎರಡು ಕೋಳಿತತ್ತಿ ಬೇಯಿಸಿ ಸುಲಿದಿಟ್ಟಳು. ಅವಳು ತತ್ತಿ ಬಿಟ್ಟು ಎರಡು ವರ್ಷವಾಯಿತು ಎಂದು ಹುಸೇನಮ್ಮ ತಿರುಗಿ ನೋಡದೆ ಹೇಳಿದಳು. ಚುಚ್ಚಿ ಆಡಿದ ಮಾತಲ್ಲ, ಇದ್ದದ್ದನ್ನು ಹೇಳಿದ್ದು. ಮೊಗುಲಮ್ಮ ಆ ತತ್ತಿಗಳನ್ನು ತಾನೇ ತಿಂದು ತಟ್ಟೆ ತೊಳೆದಿಟ್ಟಳು.

ರೊಟ್ಟಿ ಬಡಿಯಲು ಕೂತರೆ ಅದು ಬಂಡೆಯ ಮೇಲೆಯೇ ಹರಿದುಹೋಗುತ್ತಿತ್ತು.

"ಇದೇನು ರೊಟ್ಟಿಯೋ ನಕಾಶೆಯೋ" ಎಂದಳು ಮೈಸಮ್ಮ. "ಒಂದು ಕಡೆ ತೆಲಂಗಾಣ, ಒಂದು ಕಡೆ ಆಂಧ್ರ."

ರಜಿತಾ ನಕ್ಕಳು. ಹುಸೇನಮ್ಮ ನಗಲಿಲ್ಲ, ಹಿಟ್ಟಿನ ಮುದ್ದೆ ತನ್ನ ಕಡೆ ಎಳೆದುಕೊಂಡು ತಾನೇ ಬಡಿದಳು. ಒಂದು ಅಡಿಗೆಮನೆಯಲ್ಲಿ ಇಬ್ಬರು ಹೀಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಆಷಾಢ ಕಳೆಯಿತು.

ಮೊಗುಲಮ್ಮನಿಗೆ ಹುಸೇನಮ್ಮನ ಮೇಲೆ ಒಳ್ಳೆಯ ಭಾವನೆಯೇ ಇತ್ತು. ಅದನ್ನು ಬಾಯಿಬಿಟ್ಟು ಹೇಳಬೇಕು ಎಂದು ಅವಳು ಆ ದೇಶದಲ್ಲಿ ಕಲಿತಿದ್ದಳು. ತೋವಾ ಅಜ್ಜಿ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಹಾಸಿಗೆಯಿಂದ ಏಳುವ ಮೊದಲೇ, ಜೀವ ಮರಳಿ ಕೊಟ್ಟೆಯಲ್ಲ ಎಂದು ದೇವರಿಗೆ ಉಪಕಾರ ಹೇಳುತ್ತಿದ್ದಳು. ಉಂಡ ಮೇಲೆ ಹೇಳುತ್ತಿದ್ದಳು. ನೀರು ಕೊಟ್ಟರೆ ಮೊಗುಲಮ್ಮನಿಗೂ ಹೇಳುತ್ತಿದ್ದಳು. ಅಜ್ಜಿ ಸತ್ತ ಮೇಲೆ ಅವಳ ಮಗ ನೆಂಟರೆಲ್ಲರ ಮುಂದೆ ಮೊಗುಲಮ್ಮನ ಎರಡೂ ಕೈ ಹಿಡಿದು, ನಮ್ಮ ತಾಯಿಯನ್ನು ಇಷ್ಟು ವರ್ಷ ನೋಡಿಕೊಂಡೆ, ಮರೆಯುವುದಿಲ್ಲ, ಇನ್ನು ನೀನು ಆರಾಮಾಗಿರು ಎಂದು ಹೇಳಿ ಬಹುಮಾನ ಕೊಟ್ಟಿದ್ದ. ಅಂಥ ಮರ್ಯಾದೆ ಅವಳಿಗೆ ಜನ್ಮದಲ್ಲಿ ಯಾರೂ ಮಾಡಿರಲಿಲ್ಲ. ತಾನೂ ಹುಸೇನಮ್ಮನಿಗೆ ಹಾಗೇ ಮಾಡಬೇಕು ಎಂದುಕೊಂಡಳು.

ತಾಯಪ್ಪನನ್ನು ಕರೆದುಕೊಂಡು ನಾರಾಯಣಪೇಟೆಗೆ ಹೋಗಿ ಬಂಗಾರದ ಗುಂಡಿನ ಸರ ತಂದಳು. ಶ್ರಾವಣದ ಸೋಮವಾರ ನೆಂಟರನ್ನು ಊಟಕ್ಕೆ ಕರೆದಿದ್ದರು. ಹುಸೇನಮ್ಮ ಹೋಳಿಗೆ ಬಡಿಸುತ್ತಿದ್ದಾಗ ಮೊಗುಲಮ್ಮ ಅವಳನ್ನು ನಿಲ್ಲಿಸಿ, ಎಲ್ಲರ ಮುಂದೆ ಸರವನ್ನು ಕೈಗೆ ಕೊಟ್ಟಳು.

"ನನ್ನ ಮಗಳನ್ನ ಇಷ್ಟು ವರ್ಷ ನೋಡಿಕೊಂಡಿ. ನಿನ್ನ ಉಪಕಾರ ಮರೆಯಂಗಿಲ್ಲಕ್ಕ. ಇನ್ನ ನಾ ಬಂದೀನಿ, ನೀ ಆರಾಮ ಇರು."

ಹೈಫಾದಲ್ಲಿ ತನಗೆ ಹೇಳಿದ್ದನ್ನೇ ಕನ್ನಡ ಮಾಡಿ ಹೇಳಿದ್ದಳು. ಅಲ್ಲಿ ಅದು ಕೆಲಸ ಮುಗಿದವಳಿಗೆ ಹೇಳಿದ ಮಾತು ಎಂಬುದು ಅವಳಿಗೆ ಹೊಳೆಯಲಿಲ್ಲ. ನೆಂಟರು ಸರದ ತೂಕ ಎಷ್ಟಿರಬಹುದು ಎಂದು ಕಣ್ಣಲ್ಲೇ ಅಳೆದರು. ಹುಸೇನಮ್ಮ ಸರವನ್ನು ತುಪ್ಪದ ಗಿಂಡಿಯ ಪಕ್ಕದಲ್ಲಿಟ್ಟು ಉಳಿದ ಹೋಳಿಗೆ ಬಡಿಸಿದಳು. ಎಲ್ಲರೂ ಕೈ ತೊಳೆದುಕೊಂಡು ಹೋದ ಮೇಲೆ ಕೇಳಿದಳು.

"ಇದು ಪಗಾರ ಏನು?"

"ಅಯ್ಯ, ಪಗಾರ ಯಾಕಕ್ಕ. ಉಪಕಾರಕ್ಕ ಕೊಟ್ಟೀನಿ."

"ಉಪಕಾರ ಹೊರಗಿನವರು ಮಾಡ್ತಾರ. ನಾ ಕೂಸು ನನ್ನದಂತ ತಿಳಕೊಂಡು ಮಾಡಿದೆ. ನೀ ಇವತ್ತು ಮಂದಿ ಮುಂದ ಲೆಕ್ಕ ಮುಗಿಸಿದಿ."

ಮರುದಿನ ಬೆಳಿಗ್ಗೆ ಹುಸೇನಮ್ಮ ತನ್ನ ಸೀರೆಗಳನ್ನು ಗಂಟು ಕಟ್ಟಿಕೊಂಡು ಗದ್ವಾಲಕ್ಕೆ, ತಮ್ಮ ಕುರುಮಯ್ಯನ ಮನೆಗೆ ಹೊರಟಳು. ಸರ ಗಿಂಡಿಯ ಪಕ್ಕದಲ್ಲೇ ಇತ್ತು. ತಾಯಪ್ಪ ಬಾಗಿಲಲ್ಲಿ ನಿಂತು ಅತ್ತಿಗೆ, ಅತ್ತಿಗೆ ಎಂದಷ್ಟೇ ಹೇಳಿದ. ಅವನಿಗೆ ಕುರಿಗಳನ್ನು ತಡೆದು ಗೊತ್ತಿತ್ತು, ಹೆಂಗಸರನ್ನು ತಡೆದು ಗೊತ್ತಿರಲಿಲ್ಲ.

ರಜಿತಾ ಕೂಡ ಚೀಲ ತುಂಬಿದಳು. ಡಿಗ್ರಿಗೆ ಗದ್ವಾಲದ ಕಾಲೇಜಿನಲ್ಲಿ ಸೇರಿದ್ದಳು, ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಎಂದು ಮಾತಾಗಿತ್ತು. ಈಗ ಅಲ್ಲೇ ಇರುತ್ತೇನೆ ಎಂದಳು. ನಾನು ಬಂದದ್ದೇ ನಿನಗಾಗಿ ಎಂದು ಮೊಗುಲಮ್ಮ ಸಮಾಧಾನದ ಧ್ವನಿಯಲ್ಲಿ ಹೇಳಿದಳು. ಆ ಧ್ವನಿಯೇ ಹುಡುಗಿಗೆ ಸಿಟ್ಟು ತರಿಸಿತು.

"ನೀವು ಆ ಮುದುಕಿಗೆ ಮಾಡಿದ್ದಕ್ಕ ಪಗಾರ ಬಂತು. ದೊಡ್ಡವ್ವ ನನಗ ಮಾಡಿದ್ದಕ್ಕೂ ನೀವು ಪಗಾರ ಕೊಟ್ರಿ. ಹಂಗಾರ ನಾ ಯಾರ ಮನಿ ಮುದುಕಿರಿ?"

ಮೊಗುಲಮ್ಮ ಮಗಳು ಹೋದ ಮೇಲೆ ಅವಳ ಹಾಸಿಗೆ ಮಡಿಚಿದಳು, ಹೊದಿಕೆಯನ್ನು ಮೂಲೆಗೆ ಮೂಲೆ ಸೇರಿಸಿ ಎರಡು ಸಲ ಮಡಿಚಿದಳು. ದುಃಖವಾಗಬೇಕಿತ್ತು. ಆಗಲಿಲ್ಲ. ತನ್ನೊಳಗೆ ಏನೋ ಸತ್ತಿರಬೇಕು ಎಂದು ಅವಳಿಗೆ ಹೆದರಿಕೆಯಾಯಿತು, ಆ ಹೆದರಿಕೆಯೂ ದೂರದಲ್ಲಿ ಎಲ್ಲೋ ಇದ್ದಂತಿತ್ತು.

ಮನೆ ಸದ್ದಿಲ್ಲದೆ ನಡೆಯಿತು. ತಾಯಪ್ಪ ಹರಿದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿಂದು ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಮೈಸಮ್ಮ ಹೊತ್ತು ಹೊತ್ತಿಗೆ ಗುಳಿಗೆ ನುಂಗಿ, ಆಸ್ಪತ್ರೆಯಲ್ಲಿ ಇದ್ದಂತೆ ಇದೆ, ಹುಸೇನಿ ಇದ್ದರೆ ಬೈದಾದರೂ ಬೈಯುತ್ತಿದ್ದಳು ಎಂದು ಗೊಣಗುತ್ತಿದ್ದಳು. ಮಗಳಿಗೆ ಫೋನು ಮಾಡಿದರೆ ಕ್ಲಾಸಿನಲ್ಲಿದ್ದೇನ್ರಿ ಎಂದು ಇಡುತ್ತಿದ್ದಳು. ಭಾನುವಾರವೂ ಅವಳು ಕ್ಲಾಸಿನಲ್ಲೇ ಇರುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಮೊಗುಲಮ್ಮ ತೋವಾ ಅಜ್ಜಿಯ ಇನ್ನೊಂದು ಪದ್ಧತಿಯನ್ನು ಗಂಡನಿಗೂ ಅತ್ತೆಗೂ ಹೇಳಿದಳು. ಅವರಲ್ಲಿ ವರ್ಷಕ್ಕೊಮ್ಮೆ ದೊಡ್ಡ ಉಪವಾಸ ಬರುತ್ತದೆ. ದೇವರಿಗೆ ಮಾಡಿದ ತಪ್ಪನ್ನು ದೇವರು ಅವತ್ತು ಮನ್ನಿಸುತ್ತಾನೆ. ಮನುಷ್ಯರಿಗೆ ಮಾಡಿದ್ದನ್ನು ಮನ್ನಿಸುವುದಿಲ್ಲ, ಆ ಮನುಷ್ಯರ ಹತ್ತಿರವೇ ಹೋಗಿ, ಏನು ತಪ್ಪು ಮಾಡಿದೆ ಎಂದು ಹೇಳಿ ಕೇಳಿಕೊಳ್ಳಬೇಕು. ಅವರು ಒಲ್ಲೆ ಎಂದರೆ ಮತ್ತೆ ಹೋಗಬೇಕು. ಮೂರು ಸಲ ಕೇಳಿದರೂ ಒಲ್ಲೆ ಎಂದರೆ ಕೇಳಿದವರ ಭಾರ ಇಳಿಯಿತು. ತೋವಾ ಅಜ್ಜಿ ತನ್ನ ತಂಗಿಯ ಬಾಗಿಲಿಗೆ ಹಾಗೆ ಮೂರು ಸಲ ಹೋಗಿದ್ದಳು, ಗಾಲಿ ಕುರ್ಚಿ ತಳ್ಳಿದವಳು ಮೊಗುಲಮ್ಮನೇ. ತಂಗಿ ಮೂರು ಸಲವೂ ಬಾಗಿಲು ತೆರೆಯಲಿಲ್ಲ. ಭಾರ ಇಳಿಯಿತು ಎಂದು ಅಜ್ಜಿ ಹೇಳಿದಳು, ಮುಖ ನೋಡಿದರೆ ಇಳಿದ ಹಾಗೆ ಕಾಣಲಿಲ್ಲ.

"ಮೂರು ಸಲಕ್ಕ ಬಿಡಾಕ ಅದೇನು ಸಂತಿ ವ್ಯಾಪಾರ ಐತೇನು" ಎಂದಳು ಮೈಸಮ್ಮ. ಆದರೂ ಹೋಗು ಎಂದಳು.

ಗಣೇಶನ ಹಬ್ಬ ಮುಗಿದ ಮೇಲೆ ಮೊಗುಲಮ್ಮ ತಾಯಪ್ಪನ ಜೊತೆ ಬಸ್ಸು ಹತ್ತಿ, ಜೂರಾಲ ಡ್ಯಾಮು ದಾಟಿ ಗದ್ವಾಲಕ್ಕೆ ಹೋದಳು. ಕುರುಮಯ್ಯನ ಮನೆ ಕೋಟೆಯ ಹಿಂದಿನ ಓಣಿಯಲ್ಲಿತ್ತು. ಅವನು ಸೀರೆ ಮಗ್ಗದಲ್ಲಿ ದುಡಿಯುತ್ತಿದ್ದ. ಹುಸೇನಮ್ಮ ಜಗಲಿಯಲ್ಲಿ ಕೂತು ರಾಟೆಯ ಮೇಲೆ ನೂಲು ಸುತ್ತುತ್ತಿದ್ದಳು. ಚಹಾ ಕೊಟ್ಟಳು, ಅತ್ತೆಯ ಕಾಲು ನೋವು ಕೇಳಿದಳು, ಕುರಿಗಳು ಎಷ್ಟು ಮರಿ ಹಾಕಿದವು ಎಂದು ಕೇಳಿದಳು. ಮೊಗುಲಮ್ಮ, ಸರ ಕೊಟ್ಟದ್ದು ತಪ್ಪಾಯಿತು ಎಂದಳು.

"ಸರ ಅಲ್ಲ" ಎಂದಳು ಹುಸೇನಮ್ಮ. ಮತ್ತೇನು ಎಂದು ಕೇಳಿದರೆ ಮತ್ತೆ ರಾಟೆ ತಿರುಗಿಸತೊಡಗಿದಳು. ರಜಿತಾ ಒಳಗಿನಿಂದ ಹೊರಗೆ ಬರಲಿಲ್ಲ.

ಎರಡನೆಯ ಸಲ ಕೇಳಲು ಗದ್ವಾಲಕ್ಕೆ ಹೋಗುವ ಕೆಲಸ ಬೀಳಲಿಲ್ಲ. ಪಿತೃಗಳ ಅಮಾವಾಸ್ಯೆಗೆ ಗಂಡನ ಹೆಸರಿನಲ್ಲಿ ಎಡೆ ಇಡಲು ಹುಸೇನಮ್ಮ ತಾನೇ ಮಕ್ತಲಿಗೆ ಬಂದಳು. ಬರುವಾಗ ಎಡೆಯ ಅಡಿಗೆಯನ್ನೆಲ್ಲ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದಳು. ತಾನು ವರ್ಷಗಟ್ಟಲೆ ಉರಿಸಿದ ಒಲೆಯ ಹತ್ತಿರ ಸುಳಿಯಲಿಲ್ಲ. ಎಡೆ ಇಟ್ಟಳು, ಕೈ ಮುಗಿದಳು. ಇದನ್ನು ನೋಡಿ ಮೈಸಮ್ಮ ಅತ್ತಳು. ಒಂದು ತುತ್ತು ಉಂಡು ಹೋಗು ಎಂದು ಮುದುಕಿ ಸೆರಗು ಹಿಡಿದರೆ, ಬಸ್ಸಿಗೆ ಹೊತ್ತಾಯಿತು ಎಂದು ಬಿಡಿಸಿಕೊಂಡಳು.

ಮೊಗುಲಮ್ಮ ಬಸ್ ಸ್ಟಾಂಡಿನವರೆಗೂ ಹಿಂದೆಯೇ ಹೋದಳು.

"ನಿನ್ನ ಹೊರಗಿನಾಕಿ ಮಾಡಿದೆ. ಅದು ತಪ್ಪಾತಕ್ಕ."

"ಅದು ನೀ ಬಂದ ಮ್ಯಾಲೆ ಮಾಡಿದ್ದು. ಅದಕ್ಕಿಂತ ಹಿಂದಿಂದು ಐತಿ. ನಿನಗ ನೆನಪಿಲ್ಲ, ಬಿಡು."

ಬಸ್ಸು ಹೋಯಿತು. ಮೊಗುಲಮ್ಮ ಮನೆಗೆ ಬಂದು ಪಾತ್ರೆ ತಿಕ್ಕುತ್ತ, ಏನು ಹಿಂದಿನದು ಎಂದು ನೆನೆಸಿದಳು. ತಿಂಗಳು ತಿಂಗಳು ಹಣ ಕಳಿಸಿದ್ದಳು, ವಾರಕ್ಕೊಮ್ಮೆ ಫೋನು ಮಾಡಿದ್ದಳು, ಒಂದು ದಿನ ಜಗಳವಾಡಿರಲಿಲ್ಲ. ಎಷ್ಟು ನೆನೆಸಿದರೂ ಏನೂ ಸಿಗಲಿಲ್ಲ.

ದಸರೆಯ ದಿನ ತಾಯಪ್ಪ ಬನ್ನಿ ತಂದ. ಓಣಿಯಲ್ಲಿ ಎಲ್ಲರೂ ಬನ್ನಿ ಕೊಟ್ಟು ಅಪ್ಪಿಕೊಳ್ಳುತ್ತಿದ್ದರು, ಇವರ ಮನೆಯಲ್ಲಿ ಮೂವರು ಕೊಟ್ಟುಕೊಂಡರೆ ಮುಗಿಯಿತು. ಅವತ್ತೇ ತೋವಾ ಅಜ್ಜಿಯ ಮಗ ಫೋನಿನಲ್ಲಿ ಸಂದೇಶ ಕಳಿಸಿದ. ನಾಳೆ ಉಪವಾಸದ ದಿನ, ನಮ್ಮಿಂದ ಏನಾದರೂ ತಪ್ಪಾಗಿದ್ದರೆ ಮನ್ನಿಸು ಎಂದಿತ್ತು. ಅಜ್ಜಿಯ ಮುಂದೆ ತಾನೊಬ್ಬಳೇ ತಿನ್ನುವುದು ಹೇಗೆ ಎಂದು ಮೊಗುಲಮ್ಮ ಪ್ರತಿ ವರ್ಷ ಆ ಉಪವಾಸ ಮಾಡಿದ್ದಳು. ಈ ವರ್ಷವೂ ಮಾಡುತ್ತೇನೆ ಎಂದು ಅತ್ತೆಗೆ ಹೇಳಿ ಮರುದಿನ ಒಬ್ಬಳೇ ಹೊರಟಳು. ಸರಕಾರಿ ಬಸ್ಸಿನವರು ಮುಷ್ಕರ ಹೂಡಿದ್ದರು. ಆಟೋ ಬದಲಿಸಿ ಬದಲಿಸಿ, ಜೂರಾಲದ ಹತ್ತಿರ ಬಿಸಿಲಲ್ಲಿ ಕಾದು ನಿಂತು, ಗದ್ವಾಲ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು.

ಹುಸೇನಮ್ಮ ಒಲೆಯ ಮುಂದಿದ್ದಳು. ರಜಿತಾ ಹೊಸ್ತಿಲ ಹತ್ತಿರ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ತಾಯಿಯನ್ನು ನೋಡಿ ಏಳಲು ಹೋದಳು, ದೊಡ್ಡವ್ವ ಕಣ್ಸನ್ನೆ ಮಾಡಿದ್ದಕ್ಕೆ ಕೂತಳು. ಮೊಗುಲಮ್ಮ ನೆಲದ ಮೇಲೆ ಕೂತು, ಇದು ಮೂರನೆಯ ಸಲ, ಏನು ತಪ್ಪು ಮಾಡಿದೆ ಎಂದು ನನಗೆ ಗೊತ್ತಾಗಲಿಲ್ಲ, ನೀನೇ ಹೇಳು, ಹೇಳಿದರೆ ಕೇಳಿಕೊಳ್ಳುತ್ತೇನೆ ಎಂದಳು.

ಹುಸೇನಮ್ಮ ಹುಡುಗಿ ಬಿಡಿಸಿದ್ದ ಸೊಪ್ಪನ್ನು ಬೇಯಲು ಹಾಕಿ ಮುಚ್ಚಳ ಮುಚ್ಚಿದಳು. ಆಮೇಲೆ ಒಲೆಯನ್ನು ನೋಡುತ್ತಲೇ ಹೇಳಿದಳು.

"ಇಕಿಗೆ ಡೆಂಗಿ ಜ್ವರ ಬಂದಿತ್ತು. ನಾರಾಯಣಪೇಟೆ ದವಾಖಾನಿಯಾಗ ಹಾಕಿದ್ವಿ. ತಾಯಪ್ಪ ಕುರಿ ಹಿಂದ ದೂರ ಹೋಗಿದ್ದ. ನಾ ಒಬ್ಬಾಕಿನ ನೆಲದ ಮ್ಯಾಲೆ ಕುಂತಿದ್ದೆ. ಕಣ್ಣು ಮುಚ್ಚಿದ್ರ ಹುಡುಗಿ ಹೋಗಿಬಿಡತೈತೇನೋ ಅಂತ ಮುಚ್ಚಿದ್ದಿಲ್ಲ. ನೀ ಫೋನ್ ಮಾಡಿದಿ. ಏನಂದಿ ಗೊತ್ತೇನು? 'ಚೆಂದಾಗಿ ನೋಡ್ಕೋ, ಏನರ ಬೇಕಿದ್ರ ಹೇಳು, ರೊಕ್ಕ ಕಳಿಸ್ತೀನಿ.' ಅಷ್ಟ ಅಂದು ಇಟ್ಟಿ. ನೀ ಉಂಡೇನು ಅಂತ ನನ್ನ ಒಂದು ಮಾತು ಕೇಳಲಿಲ್ಲ."

ಮೊಗುಲಮ್ಮನಿಗೆ ಆ ಮಾತು ಗೊತ್ತಿತ್ತು. ತಾನು ಆಡಿದ್ದರಿಂದಲ್ಲ, ಕೇಳಿದ್ದರಿಂದ. ತೋವಾ ಅಜ್ಜಿಗೆ ದೂರದ ಊರಿನಲ್ಲಿ ಒಬ್ಬ ಮಗಳಿದ್ದಳು. ಪ್ರತಿ ಶುಕ್ರವಾರ ಫೋನು ಮಾಡಿ, ಚೆನ್ನಾಗಿ ನೋಡಿಕೋ, ಏನು ಬೇಕಾದರೂ ಹೇಳು, ಹಣ ಕಳಿಸುತ್ತೇನೆ ಎಂದು ಹೇಳಿ ಇಡುತ್ತಿದ್ದಳು. ಅಜ್ಜಿಗೆ ನ್ಯುಮೋನಿಯಾ ಆದಾಗ ಮೊಗುಲಮ್ಮ ಊಟ ನಿದ್ದೆ ಬಿಟ್ಟು ಕೂತಿದ್ದಳು, ಆಗಲೂ ಆ ಮಗಳು ಅದನ್ನೇ ಹೇಳಿದಳು. ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಮೊಗುಲಮ್ಮ ಅತ್ತಿದ್ದಳು. ತನ್ನನ್ನು ಯಾರೂ ಮನುಷ್ಯಳೆಂದು ತಿಳಿದಿಲ್ಲ ಎಂದು ಅತ್ತಿದ್ದಳು. ಆ ಮಗಳಿಂದ ಕಲಿತ ಮಾತನ್ನೇ ಹುಸೇನಮ್ಮನಿಗೆ ಆಡಿದ್ದಳು, ಆಡಿದ್ದು ನೆನಪೂ ಇರಲಿಲ್ಲ.

ತಪ್ಪಾಯಿತು ಎಂಬ ಮಾತನ್ನು ಅವಳು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದಳು. ಈಗ ಅದು ಬಾಯಿಗೆ ಬರಲಿಲ್ಲ. ತೋವಾ ಅಜ್ಜಿಯ ಲೆಕ್ಕದಲ್ಲಿ ಮೂರು ಸಲ ಆಗಿತ್ತು, ಎದ್ದು ಹೋಗಬಹುದಿತ್ತು. ಅವಳು ಏಳಲಿಲ್ಲ.

"ನಾ ಊರಿಗೆ ಹೋಗೂದಿಲ್ಲಕ್ಕ. ನಾಕು ದಿನ ಇಲ್ಲೇ ಇಟ್ಕೋ. ನಾ ಇಕಿನ ಹಡದೀನಿ, ಇಕಿ ಏನು ತಿಂತಾಳಂತ ನನಗ ಗೊತ್ತಿಲ್ಲ. ಸಿಟ್ಟು ಬಂದ್ರ ಏನು ಮಾಡ್ತಾಳಂತ ಗೊತ್ತಿಲ್ಲ. ಅವ್ವ ಆಗಾಕ ನನಗ ಬರವಲ್ದು. ನೀ ಕಲಿಸು."

ರಜಿತಾಳ ಕೈ ಸೊಪ್ಪಿನ ಕಡ್ಡಿಗಳ ಮೇಲೆ ನಿಂತಿತು. ಹುಸೇನಮ್ಮ ಅವತ್ತು ಮೊದಲ ಸಲ ತಿರುಗಿ ನೆಗೆಣ್ಣಿಯ ಮುಖ ನೋಡಿದಳು. ತುಟಿ ಒಣಗಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು.

"ನೀ ಉಂಡೇನು?" ಎಂದಳು.

ಮೊಗುಲಮ್ಮ ಇಲ್ಲ ಎಂದು ತಲೆಯಾಡಿಸಿದಳು. ಆಗ ಅಳು ಬಂತು. ಸದ್ದು ಮಾಡಿ, ಮೂಗು ಸೋರಿಸಿಕೊಂಡು, ಸಣ್ಣ ಮಕ್ಕಳ ಹಾಗೆ ಅತ್ತಳು. ಹುಸೇನಮ್ಮ ಸುಮ್ಮನಿರು ಎನ್ನಲಿಲ್ಲ, ಹತ್ತಿರವೂ ಬರಲಿಲ್ಲ. ಅನ್ನದ ಗಂಜಿ ಬಸಿದಳು, ಪುಂಡಿ ಪಲ್ಯಕ್ಕೆ ಒಗ್ಗರಣೆ ಹಾಕಿದಳು. ಅಷ್ಟು ಮುಗಿಸಿಕೊಂಡು ಹುಡುಗಿಯ ಕಡೆ ತಿರುಗಿದಳು.

"ಏನು ನೋಡಕೋತ ಕುಂತಿ. ನಿಮ್ಮವ್ವಗ ತಾಟು ಹಾಕು."

ರಜಿತಾ ಎದ್ದು ತಾಟು ತಂದು ತಾಯಿಯ ಮುಂದಿಟ್ಟಳು. ಅನ್ನ ಬಡಿಸಿದಳು, ಪಲ್ಯ ಬಡಿಸಿದಳು, ಎಣ್ಣೆಯ ಡಬ್ಬಿ ತಂದು ಪಲ್ಯದ ಮೇಲೆ ಒಂದಿಷ್ಟು ಬಿಟ್ಟಳು. ಹೊರಗೆ ಓಣಿಯಲ್ಲಿ ದೀಪ ಹತ್ತಿದ್ದವು, ಉಪವಾಸದ ಹೊತ್ತು ಮುಗಿದಿತ್ತು. ಮೊಗುಲಮ್ಮ ಅಳುತ್ತಲೇ ಉಂಡಳು. ಪಲ್ಯ ಹುಳಿಯಾಗಿತ್ತು, ಖಾರವಾಗಿತ್ತು. ಹುಸೇನಮ್ಮ ಎದುರಿಗೆ ಕೂತು ಅವಳು ಉಣ್ಣುವುದನ್ನು ನೋಡುತ್ತಿದ್ದಳು. ಮನ್ನಿಸಿದೆ ಎಂದು ಅವಳು ಹೇಳಲಿಲ್ಲ.

ಉಪಕಾರವಾಯಿತು ಎಂಬ ಮಾತು ಮೊಗುಲಮ್ಮನ ಬಾಯಿಯ ತುದಿಗೆ ಬಂದಿತ್ತು. ಅದನ್ನು ತುತ್ತಿನ ಜೊತೆ ನುಂಗಿದಳು, ಖಾಲಿಯಾದ ತಾಟನ್ನು ಮುಂದೆ ಚಾಚಿದಳು.

"ಇನ್ನೊಂದೀಟು ಹಾಕಕ್ಕ" ಎಂದಳು.